ಜೇಬಿನಲ್ಲಿ ಹಿಡಿಸುವ 40ಎಕ್ಸ್ ಜೂಮ್: ಕೆಲವು ವರ್ಷ ಬಳಸಿದ ಮೇಲೆ

ಹೆಬ್ಬಾಳ ಕೆರೆ, ಲಾಲ್‌ಬಾಗ್ ಕಡೆ ಹಕ್ಕಿ ನೋಡಲು ಹೋಗುವಾಗ ಜೇಬಿನಲ್ಲಿರಲಿ ಅಂತ ತಗೊಂಡ ಕ್ಯಾಮೆರಾ ಇದು. 24ರಿಂದ 960 ಎಂಎಂಗೆ ಸಮನಾದ ಲೆನ್ಸ್, ಅಂದರೆ 40ಎಕ್ಸ್. ನನ್ನ ಮಟ್ಟಿಗೆ ಇದು ಒಳ್ಳೆಯ 20ಎಕ್ಸ್ ಕ್ಯಾಮೆರಾ. ಅದರಾಚೆಯದು ಬಿಸಿಲು ಚೆನ್ನಾಗಿದ್ದು, ಹಕ್ಕಿ ಅಲ್ಲಾಡದೆ ಕೂತಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

960 ಅನ್ನುವುದು ಫುಲ್ ಫ್ರೇಮ್‌ಗೆ, ಅಂದರೆ ಸೆನ್ಸರ್ (ಬೆಳಕು ಹಿಡಿಯುವ ಚಿಪ್) 35 ಎಂಎಂ ಫಿಲ್ಮ್‌ನ ಚೌಕಟ್ಟಿನಷ್ಟು ಇರುವ ಕ್ಯಾಮೆರಾಗೆ, ಹೋಲಿಸಿದ ಲೆಕ್ಕ. ಆಗ ಲೆನ್ಸ್‌ನ ನಿಜವಾದ ಫೋಕಲ್ ಲೆಂಗ್ತ್ 172 ಎಂಎಂ (ಇದು ಲೆನ್ಸ್ ಎಷ್ಟು ಹಿಗ್ಗಿಸುತ್ತದೆ ಅನ್ನುವುದರ ಅಳತೆ, ಕೊಳವೆಯ ಉದ್ದವಲ್ಲ). ಒಳಗಿನ ಸೆನ್ಸರ್ ಫುಲ್ ಫ್ರೇಮ್‌ನ 30ನೇ ಒಂದು ಪಾಲಿನಷ್ಟೇ ಇರುವುದರಿಂದ ಲೆನ್ಸ್ ಇಷ್ಟು ಚಿಕ್ಕದಾಗಿದೆ. ಅದಕ್ಕೆ ತೆರಬೇಕಾದ ಬೆಲೆ ಬೆಳಕು. ಜೂಮ್ ಮಾಡದಿದ್ದಾಗ ಎಫ್/3.3 ಇರುವ ಅಪರ್ಚರ್ (ಬೆಳಕು ಒಳಬರುವ ಕಂಡಿ) ಪೂರ್ತಿ ಜೂಮ್‌ನಲ್ಲಿ ಎಫ್/6.9 ಆಗುತ್ತದೆ. ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಸೆನ್ಸರ್‌ಗೆ ಬೀಳುವ ಬೆಳಕು ಕಾಲು ಭಾಗಕ್ಕಿಂತ ಕಮ್ಮಿ. ಮೋಡ ಕವಿದ ಜುಲೈ ಬೆಳಗ್ಗೆಗಳಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸದೆ ಬೇರೆ ದಾರಿಯಿಲ್ಲ. ಏರಿಸಿದರೆ ಗರಿಗಳ ಎಳೆ ಕಾಣುವುದಿಲ್ಲ, ಬಣ್ಣ ಬಳಿದ ಹಾಗಿರುತ್ತದೆ. ಸ್ಟೆಬಿಲೈಸರ್ ಕೈ ನಡುಕವನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಹಕ್ಕಿ ಕತ್ತು ತಿರುಗಿಸಿದರೆ ಅದೇನು ಮಾಡೀತು?

ಇನ್ನೊಂದು ತೊಂದರೆ ಗಾಳಿಯದ್ದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೆಬ್ಬಾಳ ಕೆರೆಯ ನಡುಗಡ್ಡೆಯ ಮರದಲ್ಲಿ ಹೆಜ್ಜಾರ್ಲೆ ಕೂತಿರುತ್ತದೆ. ಬೆಳಗ್ಗೆ ಬೇಗ ಹೋದರೆ 40ಎಕ್ಸ್‌ನಲ್ಲೂ ಅದರ ಕೊಕ್ಕಿನ ಅಂಚಿನ ಚುಕ್ಕೆಗಳು ಒಂದೊಂದಾಗಿ ಕಾಣುತ್ತವೆ. ಬಿಸಿಲೇರಿದ ಮೇಲೆ ಅದೇ ಜಾಗದಿಂದ ತೆಗೆದರೆ ಚುಕ್ಕೆಗಳೆಲ್ಲ ಕಲಸಿಹೋಗಿರುತ್ತವೆ. ಕಾದ ಗಾಳಿ ಅಲೆಯಾಡುತ್ತದೆ, ಜೂಮ್ ಆ ಅಲೆಯನ್ನೂ ಹಿಗ್ಗಿಸುತ್ತದೆ. ಟ್ರೈಪಾಡ್ ಇಟ್ಟರೂ ಅಷ್ಟೇ, ಎಷ್ಟು ದುಬಾರಿ ಲೆನ್ಸ್ ತಂದರೂ ಅಷ್ಟೇ. ಸುಮ್ನೆ ದಂಡೆ ಸುತ್ತಿ ಹತ್ತಿರದ ಕಡೆಗೆ ಹೋಗಿ 15ಎಕ್ಸ್‌ನಲ್ಲಿ ತೆಗೆಯುವುದು ವಾಸಿ.

ಹಾರುವ ಹದ್ದಿನ ಆಸೆ ಬೇಡ. ಪೂರ್ತಿ ಜೂಮ್‌ನಲ್ಲಿ ನೋಟದ ಅಗಲ ಸುಮಾರು 2 ಡಿಗ್ರಿ ಮಾತ್ರ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಬೇರೆ ಇಲ್ಲ, ಬಿಸಿಲಿಗೆ ಸ್ಕ್ರೀನೂ ಕಾಣುವುದಿಲ್ಲ.

ಚಂದ್ರನ ವಿಷಯದಲ್ಲಿ ಮಾತ್ರ ಈ ಕ್ಯಾಮೆರಾ ಮೇಲೆ ನನಗೆ ಪ್ರೀತಿ ಜಾಸ್ತಿ. 40ಎಕ್ಸ್‌ನಲ್ಲಿ ಅವನು ಫ್ರೇಮಿನ ಎತ್ತರದ ಮೂರನೇ ಒಂದು ಭಾಗ ತುಂಬುತ್ತಾನೆ. ರಾತ್ರಿಯಾದರೂ ಅವನ ಮೇಲೆ ಬೀಳುವುದು ನೇರ ಬಿಸಿಲೇ ಅಲ್ವಾ? ಹಾಗಾಗಿ ಐಎಸ್‌ಒ 100 ಸಾಕು. ಅಷ್ಟಮಿಯ ಹೊತ್ತಿಗೆ ಕುಳಿಗಳ ನೆರಳು ಚೆನ್ನಾಗಿ ಮೂಡುತ್ತದೆ. ಡಿಜಿಟಲ್ ಜೂಮ್ ಮಾತ್ರ ಆಫ್ ಮಾಡಿಡಿ. ಅದು ಇದ್ದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೇ.

ಹಕ್ಕಿಗಾಗಿಯೇ ಕೊಳ್ಳುವುದಾದರೆ ಇದಕ್ಕಿಂತ ದೊಡ್ಡದಾದ, 1 ಇಂಚಿನದು ಅಂತ ಕರೆಯುವ ಸೆನ್ಸರ್‌ನ, 600 ಎಂಎಂವರೆಗೆ ಹೋಗುವ ಕ್ಯಾಮೆರಾ ನೋಡಿ. ಸೋನಿ ಆರ್‌ಎಕ್ಸ್10 ಮಾರ್ಕ್ 4ರಲ್ಲಿ ಆ ತುದಿಯಲ್ಲೂ ಎಫ್/4 ಸಿಗುತ್ತದೆ. ಆದರೆ ತೂಕ 1 ಕೆಜಿಗಿಂತ ಹೆಚ್ಚು, ಜೇಬಿಗೆ ಹೋಗುವ ಮಾತಿಲ್ಲ. ನನ್ನದರ ಹಾಗೆ ಲೆನ್ಸ್ ಮುಂದೆ ಚಾಚುವ ಯಾವ ಕ್ಯಾಮೆರಾ ಕೊಂಡರೂ ನಮ್ಮ ಊರಿನ ಧೂಳಿನ ಬಗ್ಗೆ ಎಚ್ಚರ. ಕೊಳವೆ ಒಳಗೆ ಹೊರಗೆ ಆಡುವಾಗ ಧೂಳು ಎಳೆದುಕೊಳ್ಳುತ್ತದೆ. ಆಮೇಲೆ ಪೂರ್ತಿ ಜೂಮ್‌ನಲ್ಲಿ ಆಕಾಶದ ಮೇಲೆ ಬೂದು ಚುಕ್ಕೆ ಬರುತ್ತವೆ. ಲೆನ್ಸ್ ಬಿಚ್ಚಿ ನಾವೇ ಒರೆಸುವ ಹಾಗಿಲ್ಲ, ಸರ್ವಿಸ್‌ಗೇ ಕೊಡಬೇಕು.