ವಾಚ್ ಆಪ್ ಅನ್ನು ಡಾಕರ್‌ನಲ್ಲಿ ಬಿಲ್ಡ್ ಮಾಡ್ತೀರಾ? ಡಿಬಗ್ ಕೀ ಎಲ್ಲಿದೆ ಅಂತ ಮೊದಲು ನೋಡಿ

ಹತ್ತು ದಿನದ ತಾಪಮಾನದ ರೀಡಿಂಗ್ ಹೋಯಿತು. ಮಾವನ ಹತ್ತಿರ ಬೈಸಿಕೊಂಡದ್ದು ಬೇರೆ. ನೀವಾದರೂ ತಪ್ಪಿಸಿಕೊಳ್ಳಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮಾವ ರೇಷ್ಮೆ ಬೆಳೆಯುತ್ತಾರೆ. ಹುಳು ಮನೆಯಲ್ಲಿ 28 ಡಿಗ್ರಿ ದಾಟಿದರೆ ಅವರ ವಾಚ್ ವೈಬ್ರೇಟ್ ಆಗಬೇಕು, ಅಷ್ಟೇ ಆಪ್. ಸೊಪ್ಪು ಕೊಯ್ಯುವಾಗ ಕೈಯೆಲ್ಲ ಹಾಲು ಅಂಟಿರುತ್ತದೆ, ಜೇಬಿನಿಂದ ಫೋನ್ ತೆಗೆಯೋಕೆ ಆಗಲ್ಲ ಅಲ್ವಾ? ಸೆನ್ಸರ್‌ನ ರೀಡಿಂಗ್ ಫೋನಿನಲ್ಲಿ ಸೇವ್ ಆಗುತ್ತದೆ, ಅಲ್ಲಿಂದ ವಾಚ್‌ಗೆ ಸುದ್ದಿ ಹೋಗುತ್ತದೆ.

ಕೋಡ್ ಬರೆಯುವವರು ಇಬ್ಬರು, ನಾನು ಮತ್ತು ಚಿಂತಾಮಣಿಯ ಒಬ್ಬ ಗೆಳೆಯ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಅವನ ಹತ್ತಿರ ಓಡುತ್ತಿರಲಿಲ್ಲ. ಅವನದು ಜೆಡಿಕೆ (ಜಾವಾ ಕಿಟ್) 11, ಆಪ್ ಬಿಲ್ಡ್ ಮಾಡುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ಕ್ಕೆ 17 ಬೇಕೇ ಬೇಕು. ಈ ರಗಳೆಯೇ ಬೇಡ ಅಂತ ಒಂದು ಡಾಕರ್ ಇಮೇಜ್ ಮಾಡಿದೆವು, ಅಂದರೆ ಇಬ್ಬರ ಲ್ಯಾಪ್‌ಟಾಪಿನಲ್ಲೂ ಒಂದೇ ಥರ ಓಡುವ ಬಿಲ್ಡ್ ಪೆಟ್ಟಿಗೆ. ಜೆಡಿಕೆ, ಎಸ್‌ಡಿಕೆ, ಗ್ರೇಡಲ್ ರ‍್ಯಾಪರ್ ಎಲ್ಲದರ ವರ್ಷನ್ ಕಟ್ಟಿ ಹಾಕಿದೆವು. ಲೈಬ್ರರಿಗಳ ವರ್ಷನ್ನಿನಲ್ಲಿ 'ಹೊಸದು ಯಾವುದಿದ್ದರೂ ಸರಿ' ಅನ್ನುವ ಒಂದು ಪ್ಲಸ್ ಗುರುತೂ ಉಳಿಸಲಿಲ್ಲ. ಇನ್ನೇನು ಬೇಕು ಅಂತ ಬೀಗಿದ್ದೂ ಆಯಿತು.

ಮೊದಲ ಸಲ ಫೋನ್ ಆಪ್, ವಾಚ್ ಆಪ್ ಎರಡನ್ನೂ ಒಟ್ಟಿಗೆ ಬಿಲ್ಡ್ ಮಾಡಿ ಹಾಕಿದೆ. ಚೆನ್ನಾಗಿ ಓಡಿತು. ಮಾವ ಚಾಕಿ ಹುಳು (ಮರಿ ಹುಳು) ತಂದ ದಿನದಿಂದ ರೀಡಿಂಗ್ ಶುರು.

ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆ) ಎದ್ದ ದಿನ ವಾಚ್‌ನ ಅಕ್ಷರ ಸ್ವಲ್ಪ ದಪ್ಪ ಮಾಡೋಣ ಅಂತ ಅದೊಂದನ್ನೇ ಬಿಲ್ಡ್ ಮಾಡಿದೆ. 'ಇನ್‌ಸ್ಟಾಲ್ ಫೇಲ್ಡ್ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್' ಅಂತ ಬಂತು. ಅರ್ಥ ಮಾಡಿಕೊಳ್ಳುವ ತಾಳ್ಮೆ ಎಲ್ಲಿ? ವಾಚ್‌ನಿಂದ ಹಳೆಯದನ್ನು ತೆಗೆದು ಹೊಸದು ಹಾಕಿದೆ. ಆಪ್ ತೆರೆಯಿತು. ಆದರೆ ಫೋನಿನಿಂದ ಒಂದು ಸುದ್ದಿಯೂ ಬರಲಿಲ್ಲ. ಎರರ್ ಕೂಡ ಇಲ್ಲ, ಸುಮ್ನೆ ಮೌನ. ಎರಡು ದಿನ ಬ್ಲೂಟೂತ್ ಅನ್ನು ಬೈದೆ. ವಾಚ್ ಅನ್ನು ಮೂರು ಸಲ ಪೇರ್ ಮಾಡಿದೆ.

ತಪ್ಪು ಇದ್ದದ್ದು ಡಿಬಗ್ ಕೀಯಲ್ಲಿ, ಅಂದರೆ ಪರೀಕ್ಷೆಗೆ ಬಿಲ್ಡ್ ಮಾಡುವ ಆಪ್‌ಗೆ ಸಹಿ (ಸಿಗ್ನೇಚರ್) ಹಾಕುವ ಕೀಯಲ್ಲಿ. ಹೋಮ್ ಫೋಲ್ಡರಿನ ಡಾಟ್ ಆಂಡ್ರಾಯ್ಡ್ ಒಳಗೆ ಡಿಬಗ್ ಕೀಸ್ಟೋರ್ ಇಲ್ಲದಿದ್ದರೆ ಬಿಲ್ಡ್ ತಾನೇ ಒಂದು ಹೊಸದನ್ನು ಮಾಡಿಕೊಳ್ಳುತ್ತದೆ. ಕೇಳುವುದೂ ಇಲ್ಲ. ನಾವೋ ಪ್ರತಿ ಬಿಲ್ಡ್ ಆದಮೇಲೆ ಕಂಟೇನರ್ (ಇಮೇಜಿನಿಂದ ಎದ್ದು ಓಡುವ ಪೆಟ್ಟಿಗೆ) ಅಳಿಸುತ್ತಿದ್ದೆವು, ಒಳಗಿನ ಕೀಯೂ ಅದರ ಜೊತೆಗೇ ಹೋಗುತ್ತಿತ್ತು. ಅಂದರೆ ಪ್ರತಿ ಸಲವೂ ಹೊಸ ಕೀ! ಫೋನ್, ವಾಚ್ ನಡುವೆ ಸುದ್ದಿ ಒಯ್ಯುವುದು ವೇರ್ ಓಎಸ್‌ನ (ವಾಚ್‌ನ ಆಂಡ್ರಾಯ್ಡ್) ಡೇಟಾ ಲೇಯರ್. ಅದಕ್ಕೆ ಫೋನ್ ಆಪ್, ವಾಚ್ ಆಪ್ ಎರಡಕ್ಕೂ ಪ್ಯಾಕೇಜ್ ಹೆಸರೂ ಒಂದೇ ಇರಬೇಕು, ಸಿಗ್ನೇಚರ್ ಕೂಡ ಒಂದೇ ಇರಬೇಕು. ಇಲ್ಲದಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ.

ಈಗ ಡಿಬಗ್ ಕೀಯನ್ನು ಪ್ರಾಜೆಕ್ಟ್ ಒಳಗೇ ಇಟ್ಟು, ಎರಡೂ ಮಾಡ್ಯೂಲ್‌ನ ಸೈನಿಂಗ್ ಕಾನ್ಫಿಗ್ ಅನ್ನು ಅದಕ್ಕೇ ತೋರಿಸಿದ್ದೇವೆ. ಅದರ ಪಾಸ್‌ವರ್ಡ್ 'ಆಂಡ್ರಾಯ್ಡ್' ಅಂತ ಎಲ್ಲರಿಗೂ ಗೊತ್ತಿರುವುದೇ, ಗುಟ್ಟೇನಿಲ್ಲ. ಆಪ್ ಜನರಿಗೆ ಬಿಡುವಾಗ ಬಳಸುವ ರಿಲೀಸ್ ಕೀಯನ್ನು ಮಾತ್ರ ಅಪ್ಪಿತಪ್ಪಿಯೂ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಹಾಕಬೇಡಿ. ಅನುಮಾನ ಬಂದರೆ ಗ್ರೇಡಲ್‌ನ ಸೈನಿಂಗ್ ರಿಪೋರ್ಟ್ ಟಾಸ್ಕ್ ಓಡಿಸಿ, ಎರಡು ಮಾಡ್ಯೂಲ್‌ನ ಶಾ ಫಿಂಗರ್‌ಪ್ರಿಂಟ್ (ಕೀಯ ಗುರುತು) ಅಕ್ಕಪಕ್ಕ ಇಟ್ಟು ನೋಡಿ. ಒಂದು ನಿಮಿಷದ ಕೆಲಸ.

ಕೀ ಆಗಲೇ ಕಳೆದುಹೋಗಿದ್ದರೆ? ಬೇರೆ ಕೀಯ ಆಪ್ ಹಳೆಯದರ ಮೇಲೆ ಕೂರುವುದಿಲ್ಲ, ಹಾಗಾಗಿ ಫೋನಿನ ಆಪ್ ತೆಗೆಯದೆ ದಾರಿಯಿಲ್ಲ, ತೆಗೆದರೆ ಅದರ ಡೇಟಾವೂ ಹೋಗುತ್ತದೆ. ನಾನು ತೆಗೆದೇಬಿಟ್ಟೆ. ನೀವು ಅದಕ್ಕೂ ಮುಂಚೆ ಎಡಿಬಿಯ (ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಟೂಲ್) ರನ್-ಆಸ್ ಕಮಾಂಡ್ ಬಳಸಿ. ಡಿಬಗ್ ಬಿಲ್ಡ್ ಆದ್ದರಿಂದ ಡೇಟಾಬೇಸ್ ಫೈಲ್ ಕಾಪಿ ಮಾಡಿಕೊಳ್ಳಲು ಬಿಡುತ್ತದೆ. ನನಗೆ ಇದು ಗೊತ್ತಾದದ್ದು ಮಾರನೇ ದಿನ.