ಅಂಡಮಾನ್ ಜೈಲು ನೋಡಲು ಪ್ಯಾಕೇಜ್ ಟೂರ್‌ನಲ್ಲಿ ಹೊರಟವರು ಹಣ ಕಟ್ಟುವ ಮುಂಚೆ ಇದನ್ನು ಓದಿ

ನಮ್ಮ ಹಾಸನ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ಅಂಡಮಾನ್‌ಗೆ ಹೊರಡುವವರು ಈಗ ಜಾಸ್ತಿ ಆಗಿದ್ದಾರೆ. ಹೋದ ವಾರವೇ ಮೂರು ಜನ ಫೋನ್ ಮಾಡಿ, “ನೀವು ಹೋಗಿ ಬಂದ್ರಲ್ಲ, ಹೇಗಿತ್ತು?” ಎಂದು ಕೇಳಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಸಮುದ್ರ, ಊಟ, ರೂಮು ಯಾವುದರ ಮೇಲೂ ನನ್ನ ದೂರಿಲ್ಲ. ಆದರೆ ನಾವು ಯಾವ ಜಾಗ ನೋಡಬೇಕೆಂದು ಅಷ್ಟು ದೂರ ಹೋದೆವೋ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಆ ಸೆಲ್ಯುಲರ್ ಜೈಲನ್ನು ನಮಗೆ ನೆಟ್ಟಗೆ ನೋಡಲು ಬಿಡಲಿಲ್ಲ.

ನನ್ನ ಅಪ್ಪನಿಗೆ 74 ವರ್ಷ. ಅರಸೀಕೆರೆ ತಾಲ್ಲೂಕಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಕೊಟ್ಟು ನಿವೃತ್ತರಾದವರು. ‘ಕರಿನೀರಿನ ಶಿಕ್ಷೆ’ ಎಂಬ ಮಾತನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಮಕ್ಕಳಿಗೆ ಹೇಳಿದ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎನ್ನುವುದು ಅವರ ಎಷ್ಟೋ ವರ್ಷದ ಆಸೆ. ಅದಕ್ಕಾಗಿಯೇ ಹಾಸನದ ಒಂದು ಟೂರ್ ಆಫೀಸಿನಲ್ಲಿ ನಮ್ಮಿಬ್ಬರಿಗೂ ಐದು ರಾತ್ರಿಯ ಪ್ಯಾಕೇಜ್‌ಗೆ ಹಣ ಕಟ್ಟಿದೆ. ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿಯಲ್ಲಿ ಮೊದಲ ದಿನದ ಎದುರಿಗೆ, “ಸೆಲ್ಯುಲರ್ ಜೈಲ್ ಗೈಡ್ ಸಮೇತ, ಸಂಜೆ ಲೈಟ್ ಅಂಡ್ ಸೌಂಡ್ ಶೋ, ಎಲ್ಲ ಟಿಕೆಟ್ ನಮ್ಮದೇ” ಎಂದಿತ್ತು. ಅಷ್ಟು ಸಾಕು ಅಂದುಕೊಂಡೆ. ಎಷ್ಟು ಹೊತ್ತು, ಯಾವ ಭಾಷೆಯ ಗೈಡು, ಟಿಕೆಟ್ ತೆಗೆದಾಯಿತಾ, ಇದ್ಯಾವುದನ್ನೂ ಕೇಳಲಿಲ್ಲ.

ಹಾಸನದಿಂದ ರಾತ್ರಿ ಹನ್ನೊಂದಕ್ಕೆ ಟೆಂಪೊ ಟ್ರಾವೆಲರ್ ಹೊರಟಿತು. ಬೆಳಗಿನ ಜಾವದ ವಿಮಾನ. ಪೋರ್ಟ್ ಬ್ಲೇರ್‌ನಲ್ಲಿ ಇಳಿದಾಗ (2024ರಿಂದ ಆ ಊರಿಗೆ ಶ್ರೀ ವಿಜಯ ಪುರಂ ಎಂದು ಹೆಸರು) ಯಾರಿಗೂ ನಿದ್ದೆ ಇಲ್ಲ, ಹೊಟ್ಟೆಗೂ ಸರಿಯಾಗಿ ಏನೂ ಇಲ್ಲ. ರೂಮಿಗೆ ಹೋಗಿ ಸ್ನಾನ ಮಾಡಿ ಬರೋಣ ಅಂದರೆ ಕೇಳಲಿಲ್ಲ. ಸಾಮಾನು ವ್ಯಾನಿನಲ್ಲೇ ಬಿಟ್ಟು ನೇರ ಜೈಲಿಗೆ. ಬಾಗಿಲು ದಾಟುವಾಗ ಹನ್ನೊಂದೂ ಮುಕ್ಕಾಲು. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತಾರೆ ಎಂಬುದು ನಮ್ಮ ಟೂರ್ ಮ್ಯಾನೇಜರ್‌ಗೆ ಗೊತ್ತಿದ್ದೇ ಇರಬೇಕು, ಏಕೆಂದರೆ ಒಳಗೆ ಕಾಲಿಟ್ಟ ತಕ್ಷಣ ಅವರು ಹೇಳಿದ ಮೊದಲ ಮಾತು, “ನಲವತ್ತು ನಿಮಿಷ ಇದೆ, ಬೇಗ ಬೇಗ ನೋಡ್ಕೊಳ್ಳಿ.”

ಗೈಡ್ ಎಂದು ಕೊಟ್ಟಿದ್ದು ನಮ್ಮ ವ್ಯಾನಿನ ಜೊತೆ ಬಂದಿದ್ದ ಅಲ್ಲಿನ ಒಬ್ಬ ಹುಡುಗನನ್ನು. ಕೊರಳಲ್ಲಿ ಗುರುತಿನ ಚೀಟಿ ಇಲ್ಲ. ಹಿಂದಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ನಮ್ಮ ಗುಂಪಿನಲ್ಲಿದ್ದ 22 ಜನರಲ್ಲಿ ಹಿಂದಿ ಸಲೀಸಾಗಿ ಅರ್ಥವಾಗುತ್ತಿದ್ದುದು ಐದಾರು ಜನರಿಗೆ ಅಷ್ಟೆ. ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ನಿಂತು ಮಾತಾಡು ಎಂದು ನಿಲ್ಲಿಸಿದ್ದರು. ತಪ್ಪು ಅವನನ್ನು ಗೈಡ್ ಎಂದು ಕರೆದು ನಮ್ಮಿಂದ ಹಣ ತೆಗೆದುಕೊಂಡವರದ್ದು.

ಅವನು ಹೇಳಿದ ಮೊದಲ ಸಂಗತಿಯೇ ತಪ್ಪು. 1857ರ ದಂಗೆಯವರನ್ನು ಈ ಕೋಣೆಗಳಲ್ಲೇ ಕೂಡಿಹಾಕಿದ್ದರು ಅಂದ. ಅಪ್ಪ ನನ್ನ ಕಿವಿಯಲ್ಲಿ, “ಅವರನ್ನು ಕರ್ಕೊಂಡು ಬಂದಿದ್ದು 1858ರಲ್ಲಿ ಕಣಮ್ಮ. ಈ ಕಟ್ಟಡ ಶುರುವಾಗಿದ್ದೇ 1896ರಲ್ಲಿ, ಮುಗಿದದ್ದು 1906ಕ್ಕೆ. ಆಗ ಬಂದವರಿಗೆ ಗೋಡೆಯೇ ಇರಲಿಲ್ಲ, ಕಾಡು ಕಡಿಯೋಕೆ ಹಾಕಿದ್ರು” ಅಂದರು. ಆಮೇಲೆ ಗುಂಪಿನಲ್ಲಿದ್ದ ಒಬ್ಬ ಹುಡುಗ, “ಭಗತ್ ಸಿಂಗ್ ಇಲ್ಲಿದ್ರಾ?” ಎಂದು ಕೇಳಿದ. ಗೈಡು ಹೌದು ಎಂದು ತಲೆಯಾಡಿಸಿದ. ಮಗು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿತು. ಅಪ್ಪನಿಗೆ ತಡೆಯಲಾಗಲಿಲ್ಲ. ಆ ಮಗುವನ್ನು ಪಕ್ಕಕ್ಕೆ ಕರೆದು ಬರೆದದ್ದನ್ನು ತಿದ್ದಿಸಿದರು. ಇಲ್ಲಿದ್ದವರು ದೆಹಲಿಯ ಅಸೆಂಬ್ಲಿಯಲ್ಲಿ ಭಗತ್ ಸಿಂಗ್ ಜೊತೆ ಬಾಂಬ್ ಎಸೆದ ಬಟುಕೇಶ್ವರ ದತ್ತ. ಭಗತ್ ಸಿಂಗ್ ಅವರನ್ನು ಗಲ್ಲಿಗೆ ಹಾಕಿದ್ದು ಲಾಹೋರಿನಲ್ಲಿ, 1931ರ ಮಾರ್ಚ್ 23ರಂದು.

ಬೇಲೂರಿನಲ್ಲಿ ಒಳ್ಳೆಯ ಗೈಡ್ ಸಿಕ್ಕರೆ ಹೇಗೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಒಂದು ಮದನಿಕೆಯ ಮುಂದೆ ಹತ್ತು ನಿಮಿಷ ನಿಲ್ಲಿಸುತ್ತಾರೆ. ಕೈಬಳೆ ತೋರಿಸುತ್ತಾರೆ, ಕಾಲ ಬಳಿಯ ಸಣ್ಣ ಕೋತಿ ತೋರಿಸುತ್ತಾರೆ. ನಮ್ಮ ಕಣ್ಣಿಗೆ ತಾನಾಗಿ ಬೀಳದೇ ಇರುವುದನ್ನು ಬೀಳುವ ಹಾಗೆ ಮಾಡುತ್ತಾರೆ. ಈ ಜೈಲಿನಲ್ಲಿ ಅಂಥವರು ಜೊತೆಗೆ ಬೇಕೇ ಬೇಕು. ಇಲ್ಲದಿದ್ದರೆ ಕಾಣುವುದು ಉದ್ದುದ್ದ ವರಾಂಡ, ಸಾಲು ಬಾಗಿಲು ಅಷ್ಟೆ.

ಅಪ್ಪ ತೋರಿಸಿದ್ದರಿಂದ ನನಗೆ ಸ್ವಲ್ಪ ಕಂಡಿತು. ಬಾಗಿಲ ಚಿಲಕ ಬಾಗಿಲಲ್ಲಿ ಇಲ್ಲ. ಪಕ್ಕದ ಗೋಡೆಯೊಳಗೆ ಒಂದು ಗೂಡು ಮಾಡಿ ಅಲ್ಲಿಗೆ ಎಳೆದಿದ್ದಾರೆ. ಒಳಗಿದ್ದವನು ಸರಳಿನ ಸಂದಿಯಿಂದ ಎಷ್ಟೇ ಕೈ ಚಾಚಿದರೂ ಸಿಗುವುದಿಲ್ಲ. ನಾನು ಒಳಗೆ ನಿಂತು ಚಾಚಿ ನೋಡಿದೆ. ಒಟ್ಟು 693 ಕೋಣೆ, ಒಂದಕ್ಕೆ ಒಬ್ಬನೇ. ಸೆಲ್ಯುಲರ್ ಎಂಬ ಹೆಸರು ಅದರಿಂದ ಬಂದದ್ದು. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಕಟ್ಟಡ, ಒಂದೊಂದಕ್ಕೂ ಮೂರು ಅಂತಸ್ತು. ಒಂದು ಸಾಲಿನ ಮುಖ ಇನ್ನೊಂದು ಸಾಲಿನ ಬೆನ್ನಿಗೆ. ಹಾಗಾಗಿ ಯಾರಿಗೂ ಇನ್ನೊಬ್ಬರ ಮುಖ ಕಾಣುವುದಿಲ್ಲ. ಕೂಗಿದರೆ ಉತ್ತರ ಕೊಡುವವರಿಲ್ಲ. ಗಾಳಿಗೆ ಇರುವುದು ಕೈಗೆಟುಕದ ಎತ್ತರದಲ್ಲಿ ಒಂದೇ ಒಂದು ಕಿಂಡಿ.

ಏಳು ಸಾಲಿನಲ್ಲಿ ಈಗ ಉಳಿದಿರುವುದು ಮೂರು. 1942ರಿಂದ 45ರವರೆಗೆ ದ್ವೀಪ ಜಪಾನೀಯರ ಕೈಯಲ್ಲಿತ್ತು, ಅವರ ಕಾಲದಲ್ಲಿ ಎರಡು ಹೋದವು. ಸ್ವಾತಂತ್ರ್ಯ ಬಂದ ಮೇಲೆ ಇನ್ನೂ ಎರಡನ್ನು ಕೆಡವಿದರು. ಇಲ್ಲಿ ಕೈದಿಗಳಾಗಿದ್ದವರೇ ಜಗಳವಾಡಿ ಉಳಿದದ್ದನ್ನು ಉಳಿಸಿಕೊಂಡರು. ಆವರಣದಲ್ಲೇ 1963ರಲ್ಲಿ ದೊಡ್ಡ ಆಸ್ಪತ್ರೆ ಬಂತು. 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಈ ಜೈಲನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು. ಇಷ್ಟರಲ್ಲಿ ಒಂದನ್ನೂ ನಮ್ಮ ಗೈಡು ಹೇಳಲಿಲ್ಲ.

ನನ್ನ ಮನಸ್ಸಿನಿಂದ ಹೋಗದಿರುವುದು ಗಾಣದ ಹತ್ತಿರ ಆದದ್ದು. ಅಂಗಳದಲ್ಲಿ ಎಣ್ಣೆ ಗಾಣ ಇಟ್ಟಿದ್ದಾರೆ. ಅಪ್ಪ ಅಲ್ಲಿ ನಿಂತುಬಿಟ್ಟರು. ನಮ್ಮದು ಅರಸೀಕೆರೆಯ ಕಡೆ, ತೆಂಗಿನ ಸೀಮೆ. ಅಪ್ಪ ಹುಡುಗನಾಗಿದ್ದಾಗ ಊರಲ್ಲಿ ಗಾಣ ಇತ್ತು, ಎತ್ತು ಕಟ್ಟಿ ತಿರುಗಿಸುತ್ತಿದ್ದರು. ಇಲ್ಲಿ ಎತ್ತಿನ ಜಾಗಕ್ಕೆ ಮನುಷ್ಯರನ್ನು ಕಟ್ಟುತ್ತಿದ್ದರು. ದಿನಕ್ಕೆ ಒಬ್ಬನಿಗೆ 30 ಪೌಂಡು ಕೊಬ್ಬರಿ ಎಣ್ಣೆಯ ಲೆಕ್ಕ. ಅಪ್ಪ ಅಲ್ಲೇ ಲೆಕ್ಕ ಹಾಕಿದರು. “ಹದಿಮೂರೂವರೆ ಕಿಲೋ ಎಣ್ಣೆ. ಅಷ್ಟು ಬರಬೇಕಂದ್ರೆ ಇಪ್ಪತ್ತು ಕಿಲೋಗಿಂತ ಜಾಸ್ತಿ ಕೊಬ್ಬರಿ ಆಡಿಸ್ಬೇಕು. ಅದಕ್ಕೆ ಎತ್ತೇ ನಾಲಿಗೆ ಚಾಚ್ತದೆ. ಹೊಟ್ಟೆಗಿಲ್ಲದ ಮನುಷ್ಯ ಹೇಗೆ ಮಾಡಿದಾನು?” ಲೆಕ್ಕ ತಪ್ಪಿದವರಿಗೆ ಚಾವಟಿ. ಗಾಣವಿಲ್ಲದ ದಿನ ತೆಂಗಿನ ನಾರು ಬಡಿಯುವುದು. ಇಂದುಭೂಷಣ ರಾಯ್ ಎಂಬ ಬಂಗಾಳದ ಯುವಕ ಈ ಹಿಂಸೆ ತಾಳಲಾರದೆ 1912ರಲ್ಲಿ ತನ್ನ ಕೋಣೆಯಲ್ಲೇ ನೇಣು ಹಾಕಿಕೊಂಡ.

ಅಪ್ಪ ಇದನ್ನು ಹೇಳುತ್ತಿದ್ದಾಗ ಗುಂಪಿನ ಏಳೆಂಟು ಜನ ಸುತ್ತ ನಿಂತು ಕೇಳುತ್ತಿದ್ದರು. ಅಷ್ಟರಲ್ಲಿ ಮ್ಯಾನೇಜರ್ ಬಂದು ಚಪ್ಪಾಳೆ ತಟ್ಟಿ, “ಮೇಷ್ಟ್ರೇ, ಸಾಕು ಬನ್ನಿ, ಸಾವರ್ಕರ್ ಸೆಲ್ ಮುಂದೆ ಫೋಟೋ ತೆಗೆಸ್ಕೊಂಡು ಹೊರಡೋಣ” ಅಂದರು. ಎಲ್ಲರೂ ಮೆಟ್ಟಿಲು ಹತ್ತಿದರು. ಅಪ್ಪನಿಗೆ ಮಂಡಿ ನೋವು, ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಗೆ ಬರುವಷ್ಟರಲ್ಲಿ ಉಳಿದವರು ಇಳಿಯುತ್ತಿದ್ದರು. ನಡುಗೋಪುರದಲ್ಲಿ ಕೈದಿಗಳ ಹೆಸರನ್ನು ಪ್ರಾಂತ್ಯದ ಪ್ರಕಾರ ಕಲ್ಲಿನಲ್ಲಿ ಕೆತ್ತಿದ್ದಾರೆ. ಅಪ್ಪ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಹನ್ನೊಂದು ಹೆಸರು ಬರೆದಾಗ ಕಾವಲುಗಾರರು ಸೀಟಿ ಊದಿದರು.

ಹೊರಗೆ ಬಂದರೆ ಎದುರಿಗೇ ಒಂದು ಪಾರ್ಕು. ಇಲ್ಲಿ ಸತ್ತವರ ಪ್ರತಿಮೆಗಳು ಅಲ್ಲಿವೆ. 1933ರಲ್ಲಿ ಕೈದಿಗಳು ಜೈಲಿನಲ್ಲಿ ಮಾಡಿದ ಉಪವಾಸ ಮುಷ್ಕರದಲ್ಲಿ ತೀರಿಕೊಂಡ ಮಹಾವೀರ ಸಿಂಗ್, ಮೋಹಿತ್ ಮೊಯಿತ್ರ, ಮೋಹನ್ ಕಿಶೋರ್ ನಾಮದಾಸ್ ಅಲ್ಲಿದ್ದಾರೆ. ವ್ಯಾನು ಅದರ ಪಕ್ಕದಲ್ಲೇ ನಿಂತಿತ್ತು. ನಮ್ಮನ್ನು ಹತ್ತಿಸಿಕೊಂಡು ನೇರ ಒಂದು ಮುತ್ತು ಮತ್ತು ಚಿಪ್ಪಿನ ಅಂಗಡಿಗೆ ಕರೆದುಕೊಂಡು ಹೋದರು. ಜೈಲಿಗೆ ನಲವತ್ತು ನಿಮಿಷ, ಅಂಗಡಿಗೆ ಒಂದೂ ಕಾಲು ಗಂಟೆ! ಅಲ್ಲಿ ಯಾರೂ ಬೇಗ ಬೇಗ ಅನ್ನಲಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದಡದಲ್ಲಿ ಬಿದ್ದ ಹವಳದ ಚೂರನ್ನೂ ತರಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ನಿಷೇಧ ಇದೆ. ಚಿಪ್ಪು ಕೊಂಡರೆ ಬಿಲ್ ಇಟ್ಟುಕೊಳ್ಳಿ. ನಮ್ಮ ಗುಂಪಿನ ಒಬ್ಬ ಅಮ್ಮ ಮೊಮ್ಮಗಳಿಗೆಂದು ಇಟ್ಟುಕೊಂಡಿದ್ದ ಹವಳವನ್ನು ವಿಮಾನ ನಿಲ್ದಾಣದಲ್ಲಿ ತೆಗೆಸಿದರು, ಪಾಪ ಅವರು ಬಹಳ ಹೆದರಿಬಿಟ್ಟರು.

ಸಂಜೆಯ ಲೈಟ್ ಅಂಡ್ ಸೌಂಡ್ ಶೋ ಆದರೂ ಸಿಗಲಿ ಅಂದುಕೊಂಡಿದ್ದೆವು. ಜೈಲಿನ ಅಂಗಳದಲ್ಲೇ ನಡೆಯುತ್ತದೆ, ಅಲ್ಲಿನ ಅರಳಿ ಮರವೇ ತಾನು ಕಂಡದ್ದನ್ನು ಹೇಳುವ ಹಾಗೆ ಕಥೆ ಕಟ್ಟಿದ್ದಾರೆ. ಅಪ್ಪ ಸ್ವೆಟರ್ ಹಾಕಿಕೊಂಡು ಐದಕ್ಕೇ ತಯಾರಾಗಿ ಕೂತಿದ್ದರು. ಆರಾದರೂ ವ್ಯಾನ್ ಬರಲಿಲ್ಲ. ಫೋನ್ ಮಾಡಿದರೆ, “ಟಿಕೆಟ್ ಸಿಗ್ಲಿಲ್ಲ ಮೇಡಂ, ಹೌಸ್‌ಫುಲ್. ಯೂಟ್ಯೂಬ್‌ನಲ್ಲಿ ಇದೆ, ರೂಮಲ್ಲೇ ಹಾಕ್ಕೊಂಡು ನೋಡಿ” ಅಂದರು. ಮುಂಚೆ ಬುಕ್ ಮಾಡಿರಲೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಮಾರನೇ ದಿನ ಬೆಳಿಗ್ಗೆ ಬೇರೆ ದ್ವೀಪಕ್ಕೆ ಹಡಗು, ವಾಪಸ್ ಬಂದ ರಾತ್ರಿಯೇ ಗಂಟು ಕಟ್ಟಬೇಕು. ಮತ್ತೆ ಜೈಲಿಗೆ ಹೋಗಲು ಆಗಲೇ ಇಲ್ಲ.

ಹೋಗುವವರಿಗೆ ನನ್ನ ಬೇಡಿಕೆ ಇಷ್ಟು. ಜೈಲಿಗೆ ಎಷ್ಟು ಗಂಟೆ ಎಂದು ಹಣ ಕಟ್ಟುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಮೂರು ಗಂಟೆಗಿಂತ ಕಡಿಮೆ ಅಂದರೆ ಒಪ್ಪಬೇಡಿ. ಬಂದಿಳಿದ ದಿನ ಅದನ್ನು ಇಡಲೇಬೇಡಿ ಎಂದು ಹೇಳಿ, ನಿದ್ದೆಗೆಟ್ಟ ವಯಸ್ಸಾದವರಿಗೆ ಅಷ್ಟು ಮೆಟ್ಟಿಲು ಆಗುವುದಿಲ್ಲ. ಶೋ ಟಿಕೆಟ್ ತೆಗೆದಿದ್ದರೆ ಅದರ ಫೋಟೋ ಕಳಿಸಲು ಹೇಳಿ. ಭಾಷೆ ಯಾವುದು ಎಂದೂ ನೋಡಿಕೊಳ್ಳಿ, ಹಿಂದಿಯದು ಬೇರೆ, ಇಂಗ್ಲಿಷಿನದು ಬೇರೆ. ಗೈಡ್ ಅಂದರೆ ಗುರುತಿನ ಚೀಟಿ ಇರುವವರು ತಾನೇ ಎಂದು ಬಿಡಿಸಿ ಕೇಳಿ. ಕನ್ನಡದವರು ಸಿಗದಿದ್ದರೆ ಗುಂಪಿನಲ್ಲಿ ಭಾಷೆ ಬಲ್ಲ ಒಬ್ಬರು ಪಕ್ಕದಲ್ಲಿ ನಿಂತು ಹೇಳಲಿ. ನಮ್ಮ ಸಮಯಕ್ಕಿಂತ ಅಲ್ಲಿ ಕತ್ತಲು ಬಹಳ ಬೇಗ, ಚಳಿಗಾಲದಲ್ಲಿ ಐದೂವರೆಗೆಲ್ಲಾ ಸೂರ್ಯ ಮುಳುಗಿರುತ್ತಾನೆ. ಸಂಜೆ ನೋಡಿಕೊಳ್ಳೋಣ ಎಂದು ಯಾವುದನ್ನೂ ಮುಂದೆ ಹಾಕಬೇಡಿ. ಸಾಧ್ಯವಾದರೆ ಜೈಲನ್ನು ಪ್ಯಾಕೇಜಿನಿಂದ ತೆಗೆಸಿ, ಒಂದು ಬೆಳಿಗ್ಗೆ ನೀವೇ ಆಟೋ ಮಾಡಿಕೊಂಡು ಹೋಗಿ. ಊರೊಳಗೇ ಇದೆ, ಕಷ್ಟವೇನಿಲ್ಲ.

ನಾನು ಗೈಡ್ ಮತ್ತು ಶೋ ಬಾಬ್ತಿನ ಹಣ ವಾಪಸ್ ಕೇಳಿದ್ದೇನೆ. ಹಾಸನಕ್ಕೆ ಬಂದ ಮೇಲೆ ಆಫೀಸಿಗೆ ಎರಡು ಸಲ ಹೋದೆ. “ಮುಂದಿನ ಟೂರ್‌ನಲ್ಲಿ ಅಡ್ಜಸ್ಟ್ ಮಾಡ್ತೀವಿ” ಅನ್ನುತ್ತಾರೆ. ನನಗೆ ಬೇಕಿಲ್ಲ. ವಾಟ್ಸಾಪ್ ಪಟ್ಟಿ, ಹಣ ಕಟ್ಟಿದ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡಿದ್ದೆ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, ಅದಕ್ಕೆ ಎರಡು ವರ್ಷದವರೆಗೆ ಅವಕಾಶ ಇದೆ. ಗುಂಪಿನ ಇನ್ನೂ ನಾಲ್ಕು ಮನೆಯವರು ಸಹಿ ಹಾಕುತ್ತೇವೆ ಅಂದಿದ್ದಾರೆ. ಹಣ ಬಂದರೂ ಬರದಿದ್ದರೂ ಇಲ್ಲೇ ತಿಳಿಸುತ್ತೇನೆ. ಅಪ್ಪ ಆ ಹನ್ನೊಂದು ಹೆಸರಿನ ಕೆಳಗೆ ಪುಟವನ್ನು ಖಾಲಿ ಬಿಟ್ಟಿದ್ದಾರೆ. ಮಂಡಿ ನೋವು ಸ್ವಲ್ಪ ಕಡಿಮೆಯಾದ ಮೇಲೆ ನಾವಿಬ್ಬರೇ ಇನ್ನೊಮ್ಮೆ ಹೋಗುತ್ತೇವೆ, ಜೈಲಿಗೆ ಮಾತ್ರ.