ಜೇಬಿನಲ್ಲಿ 25 ಗ್ರಾಂ ಗಾಂಜಾ: ಪೋರ್ಚುಗಲ್ ದಾರಿ, ಭಾರತದ ದಾರಿ

ಗಾಂಜಾ ಸೇದುವವನನ್ನು ಅವನ ಪಾಡಿಗೆ ಬಿಡಬೇಕೋ, ಸರ್ಕಾರ ಕೈಹಾಕಬೇಕೋ? ನಿಲುವು ತಳೆಯುವ ಮುನ್ನ ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಪೋರ್ಚುಗಲ್‌ನಲ್ಲಿ 2001ರ ಜುಲೈನಿಂದ ಸ್ವಂತ ಬಳಕೆಗೆ ಮಾದಕವಸ್ತು ಇಟ್ಟುಕೊಂಡವನು ಅಪರಾಧಿಯಲ್ಲ. ಅಳತೆ ಹತ್ತು ದಿನದ ಬಳಕೆಯದು: ಗಾಂಜಾ 25 ಗ್ರಾಂ, ಹೆರಾಯಿನ್ 1 ಗ್ರಾಂ. ಹಾಗೆಂದು ಅದು ಸಕ್ರಮವೂ ಅಲ್ಲ, ಇದನ್ನೇ ಬಹಳ ಜನ ತಪ್ಪು ತಿಳಿಯುವುದು. ಪೊಲೀಸರು ಮಾಲು ಕಿತ್ತುಕೊಂಡು ಅವನನ್ನು ಮೂವರ ಸಮಿತಿಗೆ ಕಳಿಸುತ್ತಾರೆ. ಮೊದಲ ಸಲ ಸಿಕ್ಕ, ವ್ಯಸನಿಯಲ್ಲದವನ ಪ್ರಕರಣ ಅಮಾನತಿನಲ್ಲಿ ಉಳಿಯುತ್ತದೆ; ವ್ಯಸನಿಗೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ.

ಮಾದಕವಸ್ತು ಕುರಿತ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದೇ 25 ಗ್ರಾಂ ‘ಅಲ್ಪ ಪ್ರಮಾಣ’; ಅದರ ಮಿತಿ 1 ಕಿಲೋ. ಆದರೂ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆಯ ಪ್ರಕಾರ ಗಿಡದ ಹೂ ಇಲ್ಲವೇ ಕಾಯಿ ಬಿಟ್ಟ ತುದಿಯಷ್ಟೇ ಗಾಂಜಾ. ತುದಿಯಿಲ್ಲದ ಬರೀ ಸೊಪ್ಪು, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ವ್ಯಸನಿ ತಾನಾಗಿ ಮಾನ್ಯ ಆಸ್ಪತ್ರೆ ಸೇರಿದರೆ 64ಎ ಕಲಮಿನಡಿ ಮೊಕದ್ದಮೆಯಿಂದ ಪಾರಾಗಬಹುದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಕೈತಪ್ಪಬಹುದು.

ಸೇದುವವನ ಮಟ್ಟಿಗೆ ಪೋರ್ಚುಗಲ್ ದಾರಿಯೇ ಮೇಲು. ಆದರೆ ಚಿಕಿತ್ಸಾ ಕೇಂದ್ರಗಳಿಗೆ ಹಣ, ಸಿಬ್ಬಂದಿ ಕೊಡದೆ ಶಿಕ್ಷೆ ಮಾತ್ರ ಸಡಿಲಿಸಿದರೆ ಸಮಿತಿಯಿಂದ ಹೊರಬಂದವನು ಹೋಗುವುದಾದರೂ ಎಲ್ಲಿಗೆ?